ಸಿಡಿಲಿನ ಮೋಡವನ್ನು ಅಳೆದ ಕೆಜಿಎಫ್ ಕೊಳವೆಗಳು

ಊಟಿಯ ಹತ್ತಿರ ಮುತ್ತೋರೈ ಎಂಬ ಜಾಗವಿದೆ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಅಲ್ಲಿನ ಗುಡ್ಡದ ಮೇಲೆ, ದಪ್ಪ ಕಾಂಕ್ರೀಟಿನ ಕೆಳಗೆ, 3,712 ಉಕ್ಕಿನ ಕೊಳವೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ಒಂದೊಂದು ಕೊಳವೆಯೂ 6 ಮೀಟರ್ ಉದ್ದ. ಬಾಯಿ ಚೌಕಾಕಾರ, 10 ಸೆಂಟಿಮೀಟರ್ ಅಗಲ. 2014ರ ಡಿಸೆಂಬರ್ 1ರಂದು ಆ ಗುಡ್ಡದ ಮೇಲೆ ಒಂದು ಗುಡುಗಿನ ಮೋಡ ಹಾದುಹೋಯಿತು. ಅದರೊಳಗೆ ಎಷ್ಟು ವೋಲ್ಟ್ ಇತ್ತು ಎಂಬ ಲೆಕ್ಕ ಸಿಕ್ಕಿದ್ದು ಈ ಕೊಳವೆಗಳಿಂದ: 130 ಕೋಟಿ ವೋಲ್ಟ್. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್.

ಆದರೆ ಈ ಕೊಳವೆಗಳನ್ನು ಮಾಡಿಸಿದ್ದು ಮೋಡ ಅಳೆಯುವುದಕ್ಕಲ್ಲ. ಅವು ಮೊದಲು ಇದ್ದದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್ ಕೆಳಗೆ. ಅಲ್ಲಿ ಅವು ಕಾಯುತ್ತಿದ್ದದ್ದು ಬೇರೆಯದನ್ನೇ.

ಪಠ್ಯಪುಸ್ತಕದಲ್ಲಿ ಅಣುವಿನೊಳಗಿನ ಕಣಗಳದ್ದು ಒಂದು ಪಾಠ, ಆಕಾಶಕಾಯಗಳದ್ದು ಇನ್ನೊಂದು, ಮಳೆ ಮೋಡಗಳದ್ದು ಮತ್ತೊಂದು. ಆಸ್ಪತ್ರೆಯ ಯಂತ್ರಗಳ ಮಾತು ಅಲ್ಲಿ ಬರುವುದೇ ಇಲ್ಲ. ನಿಜವಾದ ಚರಿತ್ರೆಯಲ್ಲಿ ಈ ನಾಲ್ಕೂ ಒಂದೇ ಹಗ್ಗದ ಎಳೆಗಳು. ಆ ಹಗ್ಗದ ಒಂದು ಗಂಟು ಕೆಜಿಎಫ್‌ನಲ್ಲಿದೆ. ಅದನ್ನು ಬಿಡಿಸಿ ನೋಡುತ್ತಾ, ಹಳ್ಳಿಯಲ್ಲಿ ಯಾರಾದರೂ ಕೇಳಿಯೇ ಕೇಳುವ "ಇದರಿಂದ ನಮಗೇನು?" ಎಂಬ ಪ್ರಶ್ನೆಗೂ ಉತ್ತರ ಹುಡುಕೋಣ.

ಬೆಟ್ಟದ ಮೇಲಿನ ಮೋಡ

ಕಥೆ ಶುರುವಾಗುವುದು ಸ್ಕಾಟ್ಲೆಂಡಿನಲ್ಲಿ. ಸಿ.ಟಿ.ಆರ್. ವಿಲ್ಸನ್ ಹುಟ್ಟಿದ್ದು 1869ರಲ್ಲಿ, ಕುರಿ ಸಾಕುವ ರೈತರ ಮನೆಯಲ್ಲಿ. ನಾಲ್ಕು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಮುಂದೆ ಓದಿ ಕೇಂಬ್ರಿಡ್ಜ್ ಸೇರಿದ ಅವರು 1894ರ ಸೆಪ್ಟೆಂಬರಿನಲ್ಲಿ ಬೆನ್ ನೆವಿಸ್ ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಎರಡು ವಾರ ಕೆಲಸ ಮಾಡಿದರು. ಸೂರ್ಯನ ಬೆಳಕು ಮಂಜಿನ ಮೇಲೆ ಬಿದ್ದಾಗ ಮೂಡುವ ಬಣ್ಣದ ಬಳೆಗಳು ಅವರ ಮನಸ್ಸನ್ನು ಹಿಡಿದವು. ಅದನ್ನೇ ಪ್ರಯೋಗಾಲಯದಲ್ಲಿ ಮಾಡಿ ನೋಡಬೇಕೆಂದು ಗಾಜಿನ ಪಾತ್ರೆಯೊಳಗೆ ಪುಟ್ಟ ಮೋಡ ತಯಾರಿಸಲು ಹೊರಟರು.

ತೇವ ತುಂಬಿದ ಗಾಳಿಯನ್ನು ಒಮ್ಮೆಲೇ ಹಿಗ್ಗಿಸಿದರೆ ಅದು ತಣ್ಣಗಾಗುತ್ತದೆ, ಹನಿಗಟ್ಟಲು ನೋಡುತ್ತದೆ. ಹನಿ ಕೂರುವುದಕ್ಕೆ ಧೂಳಿನಂಥ ಏನಾದರೂ ಬೇಕು. ಧೂಳನ್ನು ಪೂರ್ತಿ ತೆಗೆದ ಮೇಲೂ ಹನಿ ಕಟ್ಟುತ್ತಿದ್ದುದನ್ನು ವಿಲ್ಸನ್ ಕಂಡರು. ಗಾಳಿಯಲ್ಲಿರುವ ವಿದ್ಯುತ್ ಹೊತ್ತ ಅಣುಗಳ ಮೇಲೂ ಹನಿ ಕೂರುತ್ತದೆ ಎಂಬುದು ಹೀಗೆ ಗೊತ್ತಾಯಿತು. ವರ್ಷಗಳ ಕೆಲಸದ ನಂತರ, 1911ರಲ್ಲಿ, ಆ ಪಾತ್ರೆಯೊಳಗೆ ಹಾದುಹೋದ ಕಣವೊಂದರ ದಾರಿಯೇ ಸಣ್ಣ ಹನಿಗಳ ಗೆರೆಯಾಗಿ ಕಾಣಿಸಿತು. ಕೆರೆಯಲ್ಲಿ ಹಾವು ಈಜಿ ಹೋದ ಮೇಲೆ ನೀರಿನಲ್ಲಿ ಗೆರೆ ಉಳಿಯುತ್ತದಲ್ಲ, ಹಾಗೆ. ಕಣ ಕಾಣುವುದಿಲ್ಲ, ಅದು ಹೋದ ದಾರಿ ಕಾಣುತ್ತದೆ. ಈ ಮೋಡದ ಪೆಟ್ಟಿಗೆಗೆ ಕ್ಲೌಡ್ ಚೇಂಬರ್ ಎಂದು ಹೆಸರು. 1927ರಲ್ಲಿ ವಿಲ್ಸನ್ ಅವರಿಗೆ ನೊಬೆಲ್ ಬಂತು.

ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1895ರಲ್ಲಿ ಮತ್ತೆ ಆ ಬೆಟ್ಟಗಳಿಗೆ ಹೋಗಿದ್ದಾಗ ವಿಲ್ಸನ್ ಅವರ ತಲೆಗೂದಲು ಇದ್ದಕ್ಕಿದ್ದಂತೆ ನೆಟ್ಟಗೆ ನಿಂತಿತು. ಹತ್ತಿರದಲ್ಲೇ ಸಿಡಿಲು ಕೂಡಿಕೊಳ್ಳುತ್ತಿತ್ತು. ಅವರು ಕೆಳಗೆ ಓಡಿ ಜೀವ ಉಳಿಸಿಕೊಂಡರು. ಅಂದಿನಿಂದ ಗುಡುಗಿನ ಮೋಡ ಅವರ ಜೀವಮಾನದ ವಿಷಯವಾಯಿತು. ದೊಡ್ಡ ಗುಡುಗಿನ ಮೋಡದೊಳಗೆ 100 ಕೋಟಿ ವೋಲ್ಟ್ ಇರಬಹುದು ಎಂದು 1929ರಲ್ಲಿ ಅಂದಾಜು ಮಾಡಿದರು. ಅಳೆದು ನೋಡುವ ಉಪಾಯ ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ.

ಆಕಾಶದ ಕಣ, ಆಸ್ಪತ್ರೆಯ ಯಂತ್ರ

1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಏರಿ, ಎತ್ತರ ಹೋದಂತೆ ವಿಕಿರಣ ಹೆಚ್ಚಾಗುವುದನ್ನು ಅಳೆದರು. ಅಂದರೆ ಅದು ನೆಲದಿಂದ ಬರುತ್ತಿಲ್ಲ, ಮೇಲಿನಿಂದ ಬರುತ್ತಿದೆ. ಇವೇ ಕಾಸ್ಮಿಕ್ ಕಿರಣಗಳು, ಕನ್ನಡದಲ್ಲಿ ವಿಶ್ವಕಿರಣಗಳು. ದೂರದ ಆಕಾಶದಿಂದ ಬರುವ ಈ ಕಣಗಳು ನಮ್ಮ ವಾತಾವರಣಕ್ಕೆ ಬಡಿದು ಒಡೆಯುತ್ತವೆ. ಆಗ ಹುಟ್ಟುವ ಮ್ಯೂಆನ್ ಎಂಬ ಮರಿಕಣಗಳು ನೆಲದವರೆಗೂ ಸುರಿಯುತ್ತವೆ. ನೀವು ಇದನ್ನು ಓದುವಾಗಲೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತಿವೆ.

1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಕ್ಲೌಡ್ ಚೇಂಬರಿನಲ್ಲಿ ವಿಶ್ವಕಿರಣಗಳ ಫೋಟೊ ತೆಗೆಯುತ್ತಿದ್ದಾಗ ಒಂದು ಗೆರೆ ತಿರುಗಬೇಕಾದ ಕಡೆಗೆ ತಿರುಗದೆ ಎದುರು ದಿಕ್ಕಿಗೆ ಬಾಗಿತ್ತು. ತೂಕದಲ್ಲಿ ಎಲೆಕ್ಟ್ರಾನಿನಂತೆಯೇ, ವಿದ್ಯುತ್ತಿನಲ್ಲಿ ಮಾತ್ರ ಉಲ್ಟಾ. ಅದಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು. ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಭೇಟಿಯಾದರೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ಬೆನ್ನು ಮಾಡಿ ಹೊರಡುತ್ತವೆ.

ಆಗ ಅದು ಆಕಾಶದ ಕುತೂಹಲ, ಅಷ್ಟೆ. ಸುಮಾರು ನಲವತ್ತು ವರ್ಷಗಳ ನಂತರ, 1970ರ ದಶಕದಲ್ಲಿ, ಅಮೆರಿಕದಲ್ಲಿ ವಿಜ್ಞಾನಿಗಳು ಇದೇ ಗುಣವನ್ನು ರೋಗ ಹುಡುಕಲು ಬಳಸಿದರು. ಅದೇ ಪೆಟ್ ಸ್ಕ್ಯಾನ್. ಪಾಸಿಟ್ರಾನ್ ಬಿಡುವ ಫ್ಲೋರಿನ್-18 ಎಂಬ ವಸ್ತುವನ್ನು ಸಕ್ಕರೆಯಂಥ ಅಣುವಿಗೆ ಸೇರಿಸಿ ರಕ್ತಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯವಾಗಿ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತವೆ. ಅಲ್ಲಿಂದ ಹೊರಡುವ ಜೋಡಿ ಕಿರಣಗಳನ್ನು ಸುತ್ತಲಿನ ಬಳೆಯಾಕಾರದ ಯಂತ್ರ ಹಿಡಿದು, ಗಡ್ಡೆ ಎಲ್ಲಿದೆ, ಎಲ್ಲೆಲ್ಲಿ ಹರಡಿದೆ ಎಂದು ತೋರಿಸುತ್ತದೆ.

ನಮ್ಮ ಊರಿನವರು ಈ ಸ್ಕ್ಯಾನಿಗೆ ದೊಡ್ಡ ಊರಿಗೇ ಯಾಕೆ ಹೋಗಬೇಕು ಎಂಬುದಕ್ಕೂ ಇಲ್ಲೇ ಒಂದು ಕಾರಣವಿದೆ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಮತ್ತೆ 110 ನಿಮಿಷಕ್ಕೆ ಕಾಲು. ಕೂಡಿಟ್ಟು ಔಷಧದಂಗಡಿಯಲ್ಲಿ ಮಾರುವ ವಸ್ತು ಅದಲ್ಲ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಕೆಲವೇ ಗಂಟೆಗಳ ದಾರಿಯಲ್ಲಿರಬೇಕು. ಯಂತ್ರದ ಬೆಲೆಯೂ ಕಡಿಮೆಯದಲ್ಲ. ಆದ್ದರಿಂದ ವಸ್ತು ರೋಗಿಯ ಊರಿಗೆ ಬರುವ ಬದಲು ರೋಗಿಯೇ ವಸ್ತುವಿನ ಊರಿಗೆ ಹೋಗಬೇಕಾಗಿದೆ.

ನಂಜನಗೂಡಿನ ಹುಡುಗ, ಕೋಲಾರದ ಗಣಿ

ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಡಿಕ್ಕಿಯಾದಾಗ ಹೇಗೆ ಚದುರುತ್ತವೆ ಎಂದು 1930ರ ದಶಕದಲ್ಲಿ ಲೆಕ್ಕ ಹಾಕಿದವರಲ್ಲಿ ಹೋಮಿ ಭಾಭಾ ಒಬ್ಬರು. ಆಗ ಅವರು ಕೇಂಬ್ರಿಡ್ಜಿನಲ್ಲಿದ್ದರು. 1939ರಲ್ಲಿ ರಜೆಗೆ ಭಾರತಕ್ಕೆ ಬಂದಾಗ ಎರಡನೇ ಮಹಾಯುದ್ಧ ಶುರುವಾಗಿ ವಾಪಸು ಹೋಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗ, ಅವರನ್ನು ಸೇರಿಸಿಕೊಂಡಿತು. ಅಲ್ಲಿ ಅವರು ವಿಶ್ವಕಿರಣಗಳ ಸಂಶೋಧನೆ ಶುರುಮಾಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್ಆರ್, 1945ರಲ್ಲಿ ಮೊದಲು ಕೆಲಸ ಆರಂಭಿಸಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬಯಿಗೆ ಹೋಯಿತು.

ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಭಾಭಾ ಅವರ ಸಂಸ್ಥೆ ಸೇರಿದರು. ಮ್ಯೂಆನುಗಳು ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ನೋಡಬೇಕಿತ್ತು. ಅದಕ್ಕೆ ಕೆಜಿಎಫ್‌ಗಿಂತ ಒಳ್ಳೆಯ ಜಾಗ ಎಲ್ಲಿದೆ? 1880ರ ದಶಕದಿಂದ ಅಗೆಯುತ್ತಾ ಬಂದಿದ್ದ ಚಾಂಪಿಯನ್ ರೀಫ್ ಗಣಿ ಆಗ ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು. 1951ರಲ್ಲಿ ಶ್ರೀಕಂಠನ್ ಅಳತೆ ಮಾಡುವ ಕೌಂಟರ್‌ಗಳನ್ನು ಹೊತ್ತು ಗಣಿಗೆ ಇಳಿದರು. ಇದೇ ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಿಐಎಫ್ಆರ್ ನಿರ್ದೇಶಕರಾದರು. ಊಟಿಯಲ್ಲಿ ವಿಶ್ವಕಿರಣ ಪ್ರಯೋಗಾಲಯ ಬೆಳೆಸಿದವರಲ್ಲೂ ಅವರು ಪ್ರಮುಖರು. ವಿಲ್ಸನ್ ಕಂಡುಹಿಡಿದ ಪೆಟ್ಟಿಗೆಯದೇ ದೊಡ್ಡ ರೂಪ ಅಲ್ಲಿಯೂ ಬಂತು.

ನೆಲವೇ ಜರಡಿ

ಗಣಿಯ ಆಳ ಯಾಕೆ ಬೇಕು? ಜರಡಿ ಹಿಡಿಯುವುದಕ್ಕೆ. ಮೇಲಿನಿಂದ ಸುರಿಯುವ ಮ್ಯೂಆನುಗಳನ್ನು ಬಂಡೆ ತಡೆಯುತ್ತದೆ. ಆಳ ಹೋದಷ್ಟೂ ಅವು ಕಡಿಮೆ. 1960ರ ದಶಕದ ಮೊದಲ ವರ್ಷಗಳಲ್ಲಿ ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮತ್ತು ಸಂಗಡಿಗರು ಸುಮಾರು 2,760 ಮೀಟರ್ ಆಳದಲ್ಲಿ ಯಂತ್ರ ಇಟ್ಟು ಎರಡು ತಿಂಗಳು ಕಾದರು. ಒಂದು ಮ್ಯೂಆನೂ ಬರಲಿಲ್ಲ.

ಏನೂ ಸಿಗಲಿಲ್ಲ ಎಂದು ಅವರು ಬೇಸರಪಟ್ಟುಕೊಳ್ಳಲಿಲ್ಲ. ಅಲ್ಲಿ ಎಲ್ಲ ಗದ್ದಲವೂ ನಿಂತಿದೆ ಎಂದರೆ, ಬಂಡೆಯೂ ತಡೆಯಲಾರದ ಕಣವನ್ನು ಕಾಯಲು ಅದೇ ಸರಿಯಾದ ಜಾಗ. ಆ ಕಣವೇ ನ್ಯೂಟ್ರಿನೊ. ಅದು ಯಾವುದಕ್ಕೂ ತಾಗದೆ ಇಡೀ ಭೂಮಿಯನ್ನೇ ದಾಟಿ ಹೋಗಬಲ್ಲದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ದಾಟುತ್ತವೆ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಇವುಗಳಲ್ಲಿ ಅಪರೂಪಕ್ಕೆ ಒಂದು ಬಂಡೆಗೆ ತಾಗಿದರೆ ಅಲ್ಲಿಂದ ಒಂದು ಮ್ಯೂಆನ್ ಚಿಮ್ಮುತ್ತದೆ. ಅದನ್ನು ಹಿಡಿಯಬೇಕಿತ್ತು.

ಟಿಐಎಫ್ಆರ್ ಜೊತೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿದರು. 2.3 ಕಿಲೋಮೀಟರ್, ಅಂದರೆ ಸುಮಾರು 7,500 ಅಡಿ ಆಳದಲ್ಲಿ ಯಂತ್ರ ಕೂತಿತು. ಕೋಲಾರದ ರೈತರು ನೀರಿಗಾಗಿ ಕೊರೆಸುವ ಸಾವಿರ ಅಡಿಯ ಬೋರ್‌ವೆಲ್‌ಗಿಂತ ಏಳೂವರೆ ಪಟ್ಟು ಆಳ. ಅದೇ ಸಮಯದಲ್ಲಿ ಅಮೆರಿಕದ ಫ್ರೆಡ್ರಿಕ್ ರೈನ್ಸ್ ತಂಡ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಇದನ್ನೇ ಹುಡುಕುತ್ತಿತ್ತು. 1965ರಲ್ಲಿ ಎರಡೂ ಕಡೆ ನ್ಯೂಟ್ರಿನೊ ಗುರುತು ಸಿಕ್ಕಿತು. ಕೆಜಿಎಫ್ ಪ್ರಬಂಧ ಆಗಸ್ಟ್ 15ರಂದು ಪ್ರಕಟವಾಯಿತು, ರೈನ್ಸ್ ತಂಡದ್ದು ಆಗಸ್ಟ್ 30ರಂದು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯರು ಮೊದಲು ಹಿಡಿದ ಎರಡು ಜಾಗಗಳಲ್ಲಿ ನಮ್ಮ ಕೋಲಾರ ಒಂದು.

ಈ ಮಾತನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ವಿಜ್ಞಾನಿಗಳಿಗೆ ಆ ಆಳ ಸಿದ್ಧವಾಗಿ ಸಿಕ್ಕಿತು. ಅದನ್ನು ಅಗೆದವರು ಬೇರೆಯವರು. ಹಳೆಯ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಕೂಲಿಕಾರರು, ಅವರಲ್ಲಿ ಬಹಳಷ್ಟು ಜನ ದಲಿತರು, ತಲೆಮಾರುಗಳ ಕಾಲ ಆ ಬಂಡೆ ಒಡೆದರು. ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಎದೆ ಹಾಳಾದವರಿದ್ದಾರೆ. ಕೇಜ್ ಇಳಿಸುವವರು, ಗಾಳಿ ಕಳಿಸುವವರು, ನೀರು ಎತ್ತುವವರು ಇಲ್ಲದಿದ್ದರೆ 7,500 ಅಡಿಯಲ್ಲಿ ಯಾವ ಯಂತ್ರವೂ ನಡೆಯುತ್ತಿರಲಿಲ್ಲ. ಪ್ರಬಂಧದ ಮೇಲಿರುವುದು ವಿಜ್ಞಾನಿಗಳ ಹೆಸರು. ಅದು ಆ ಕ್ಷೇತ್ರದ ಪದ್ಧತಿ. ಆದರೆ ಊರಿನ ಚರಿತ್ರೆ ಬರೆಯುವಾಗ ನಾವು ಆ ಪದ್ಧತಿಗೆ ಕಟ್ಟುಬೀಳಬೇಕಾಗಿಲ್ಲ.

ಸಾಯದ ಪ್ರೋಟಾನ್

1970ರ ದಶಕದಲ್ಲಿ ಭೌತಶಾಸ್ತ್ರಜ್ಞರು ಒಂದು ವಿಚಿತ್ರ ಮಾತು ಹೇಳತೊಡಗಿದರು: ಎಲ್ಲ ವಸ್ತುವಿನೊಳಗೂ ಇರುವ ಪ್ರೋಟಾನ್ ಶಾಶ್ವತವಲ್ಲ, ಅದೂ ಒಂದು ದಿನ ಸಾಯಬಹುದು. ಆದರೆ ಅದರ ಆಯಸ್ಸು 1ರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ಒಂದೇ ಪ್ರೋಟಾನನ್ನು ನೋಡುತ್ತಾ ಕೂರಲಾಗದು. ಆದ್ದರಿಂದ ನೂರಾರು ಟನ್ ಕಬ್ಬಿಣ ಒಂದೆಡೆ ಸೇರಿಸಿ, ಅದರಲ್ಲಿರುವ ಲೆಕ್ಕವಿಲ್ಲದಷ್ಟು ಪ್ರೋಟಾನುಗಳಲ್ಲಿ ಒಂದಾದರೂ ಸಾಯುತ್ತದೆಯೇ ಎಂದು ಕಾಯುವುದು. ಇದಕ್ಕೂ ಆಳವೇ ಬೇಕು.

ಭಾರತ ಮತ್ತು ಜಪಾನ್ ಸೇರಿ 1980ರಲ್ಲಿ ಕೆಜಿಎಫ್‌ನಲ್ಲಿ 140 ಟನ್ನಿನ ಯಂತ್ರವನ್ನೂ, ನಂತರ ಇನ್ನೂ ದೊಡ್ಡದೊಂದನ್ನೂ ನಡೆಸಿದವು. ಕಬ್ಬಿಣದ ತಟ್ಟೆಗಳ ನಡುವೆ ಪದರ ಪದರವಾಗಿ ಜೋಡಿಸಿದ್ದು ನಾವು ಮೊದಲು ಹೇಳಿದ ಆ ಚೌಕ ಕೊಳವೆಗಳನ್ನು. ಕೊಳವೆಯ ನಡುವೆ ಕೂದಲಿನಂಥ ತಂತಿ, ಸುತ್ತಲೂ ಅನಿಲ, ತಂತಿಗೆ ಹೆಚ್ಚಿನ ವೋಲ್ಟೇಜ್. ಕಣವೊಂದು ಹಾದುಹೋದರೆ ತಂತಿಯಲ್ಲಿ ಸಣ್ಣ ಮಿಡಿತ. ಅನುಮಾನ ಹುಟ್ಟಿಸುವ ಕೆಲವು ಘಟನೆಗಳು ದಾಖಲಾದವು, ಆದರೆ ಅವು ಪ್ರೋಟಾನಿನ ಸಾವೇ ಎಂದು ಸಾಬೀತಾಗಲಿಲ್ಲ. ಇಂದಿಗೂ ಜಗತ್ತಿನಲ್ಲಿ ಯಾರೂ ಅದನ್ನು ಕಂಡಿಲ್ಲ.

ಜಪಾನಿನಲ್ಲೂ ಇದೇ ಉದ್ದೇಶಕ್ಕೆ ಕಾಮಿಯೋಕಾ ಗಣಿಯೊಳಗೆ ದೊಡ್ಡ ನೀರಿನ ತೊಟ್ಟಿ ಕಟ್ಟಿದ್ದರು. ಅಲ್ಲಿಯೂ ಪ್ರೋಟಾನ್ ಸಾಯಲಿಲ್ಲ. ಬದಲಿಗೆ 1987ರ ಫೆಬ್ರವರಿ 23ರಂದು ದೂರದಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಸಿಕ್ಕವು. 1998ರಲ್ಲಿ ಅಲ್ಲಿನ ಇನ್ನೂ ದೊಡ್ಡ ತೊಟ್ಟಿ, ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲೇ ರೂಪ ಬದಲಿಸುತ್ತವೆ ಎಂದು ತೋರಿಸಿತು. ಎರಡು ಕೆಲಸಕ್ಕೂ ನೊಬೆಲ್ ಬಂತು. ಕೆಜಿಎಫ್‌ನ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು.

ಕೊಳವೆಗಳ ಎರಡನೇ ಜನ್ಮ

ಕೊಳವೆಗಳು ಮಾತ್ರ ಗುಜರಿಗೆ ಹೋಗಲಿಲ್ಲ. ಊಟಿಯ ಗ್ರೇಪ್ಸ್-3 ಎಂಬ ಪ್ರಯೋಗಕ್ಕೆ ಮ್ಯೂಆನ್ ದೂರದರ್ಶಕ ಕಟ್ಟುವಾಗ ಅವನ್ನೇ ಮತ್ತೆ ಬಳಸಿದರು. ಗಣಿಯಲ್ಲಿ ಬೇಡವೆಂದು ಜರಡಿ ಹಿಡಿದು ತೆಗೆದ ಮ್ಯೂಆನುಗಳೇ ಇಲ್ಲಿ ಬೇಕಾದ ಬೆಳೆ. ಗಣಿಯಲ್ಲಿ ವರ್ಷಗಟ್ಟಲೆ ಕಾದರೂ ಕಣಗಳು ಬೆರಳೆಣಿಕೆಯಷ್ಟು. ಇಲ್ಲಿ ನಿಮಿಷಕ್ಕೆ ಸುಮಾರು 25 ಲಕ್ಷ.

2015ರ ಜೂನ್ 22ರಂದು ಸೂರ್ಯನಿಂದ ಎದ್ದ ದೊಡ್ಡ ಬಿರುಗಾಳಿ ಭೂಮಿಗೆ ಬಡಿದಾಗ ಸುಮಾರು ಎರಡು ಗಂಟೆ ಮ್ಯೂಆನುಗಳ ಎಣಿಕೆ ಏರಿತು. ಭೂಮಿಯ ಕಾಂತದ ಗುರಾಣಿ ಆಗ ತುಸು ಸಡಿಲವಾಗಿತ್ತು ಎಂದು ಅದರಿಂದ ಗೊತ್ತಾಯಿತು. ಉಪಗ್ರಹ, ಟೆಲಿಫೋನ್, ವಿದ್ಯುತ್ ಜಾಲ ನಂಬಿ ಬದುಕುವ ನಮಗೆ ಇದು ಸಣ್ಣ ಸುದ್ದಿಯಲ್ಲ.

ಗುಡುಗಿನ ಮೋಡದ ವಿಷಯ ಇನ್ನೂ ಸ್ವಾರಸ್ಯ. ಮ್ಯೂಆನುಗಳಲ್ಲಿ ಧನ, ಋಣ ಎಂದು ಎರಡು ಬಗೆ. ವಿದ್ಯುತ್ ತುಂಬಿದ ಮೋಡದ ಮೂಲಕ ಬರುವಾಗ ಒಂದು ಬಗೆಗೆ ತಡೆ, ಇನ್ನೊಂದಕ್ಕೆ ತಳ್ಳು. ಎರಡರ ಸಂಖ್ಯೆ ಸಮ ಇಲ್ಲದ್ದರಿಂದ ಒಟ್ಟು ಎಣಿಕೆ ಬದಲಾಗುತ್ತದೆ. 2014ರ ಡಿಸೆಂಬರ್ 1ರಂದು 18 ನಿಮಿಷಗಳ ಕಾಲ ಎಣಿಕೆ ಶೇ 2ರಷ್ಟು ಇಳಿಯಿತು. ಅಷ್ಟು ಇಳಿಯಬೇಕಾದರೆ ಮೋಡದಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಬಂದ ಉತ್ತರ 130 ಕೋಟಿ. 2019ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮೊದಲು ಬಲೂನು ಹಾರಿಸಿ ಮೋಡದೊಳಗೆ ಅಳೆದದ್ದರಲ್ಲಿ ಅತಿ ಹೆಚ್ಚೆಂದರೆ 13 ಕೋಟಿ. ಬಲೂನು ಮೋಡದ ಒಂದು ದಾರಿಯನ್ನಷ್ಟೇ ನೋಡುತ್ತದೆ. ಮ್ಯೂಆನ್ ಮಳೆ ಇಡೀ ಮೋಡವನ್ನೇ ದಾಟಿ ಬರುತ್ತದೆ. ಆ ಮೋಡ ಕನಿಷ್ಠ 380 ಚದರ ಕಿಲೋಮೀಟರ್ ಹರಡಿತ್ತು. ಅದರೊಳಗಿನ ಶಕ್ತಿ 2,000 ಮೆಗಾವ್ಯಾಟ್ ಮಟ್ಟದ್ದು ಎಂದು ಅಂದಾಜಾಯಿತು. ರಾಯಚೂರಿನ ಥರ್ಮಲ್ ಸ್ಥಾವರದ ಪೂರ್ತಿ ಸಾಮರ್ಥ್ಯ 1,720 ಮೆಗಾವ್ಯಾಟ್.

ವಿಲ್ಸನ್ ಹೇಳಿದ 100 ಕೋಟಿಯ ಅಂದಾಜಿಗೆ ಸಾಕ್ಷಿ ಸಿಗಲು 90 ವರ್ಷ ಬೇಕಾಯಿತು.

ಹಾಗಾದರೆ ನಮಗೇನು?

ಭಾರತದಲ್ಲಿ ಪ್ರತಿ ವರ್ಷ ಸಿಡಿಲಿಗೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಹುಪಾಲು ಹೊಲದಲ್ಲಿ ಕೆಲಸ ಮಾಡುವವರು, ಕುರಿ ದನ ಕಾಯುವವರು, ಮಳೆಗೆ ಮರದಡಿ ನಿಂತವರು. ಊಟಿಯ ಕೊಳವೆಗಳು ನಿಮ್ಮ ಹೊಲಕ್ಕೆ ಸಿಡಿಲು ಯಾವಾಗ ಬೀಳುತ್ತದೆ ಎಂದು ಹೇಳುವುದಿಲ್ಲ. ಆ ಕೆಲಸಕ್ಕೆ ಬೇರೆ ಜಾಲವಿದೆ, 'ದಾಮಿನಿ' ಎಂಬ ಆ್ಯಪ್ ಇದೆ. ಗುಡುಗು ಕೇಳಿದ ಕೂಡಲೇ ಮರ ಬಿಟ್ಟು ಗಟ್ಟಿ ಸೂರಿನ ಒಳಗೆ ಹೋಗುವುದಕ್ಕಂತೂ ಆ್ಯಪ್ ಬೇಕಿಲ್ಲ. ಆದರೆ ಮೋಡದೊಳಗೆ ಏನು ನಡೆಯುತ್ತದೆ ಎಂದು ತಿಳಿಯದೆ ಮುನ್ಸೂಚನೆ ಸುಧಾರಿಸುವುದು ಕಷ್ಟ. ಕೊಳವೆಗಳು ಕೊಟ್ಟದ್ದು ಆ ತಿಳಿವಳಿಕೆಯ ಒಂದು ತುಂಡು.

ಹಾಗಾಗಿ 'ಏನುಪಯೋಗ' ಎಂಬ ಪ್ರಶ್ನೆಗೆ ಎರಡು ಸುಳ್ಳು ಉತ್ತರಗಳಿವೆ. 'ಏನೂ ಇಲ್ಲ' ಎಂಬುದು ಒಂದು. 1932ರಲ್ಲಿ ಪಾಸಿಟ್ರಾನ್ ಬಗ್ಗೆ ಹಾಗೆ ಹೇಳಿದ್ದರೆ ಅದು ನಲವತ್ತು ವರ್ಷಕ್ಕೆ ಸುಳ್ಳಾಗುತ್ತಿತ್ತು. 'ನಾಳೆಯೇ ನಿಮ್ಮ ಕಷ್ಟ ತೀರುತ್ತದೆ' ಎಂಬುದು ಇನ್ನೊಂದು. ಪ್ರೋಟಾನ್ ಪ್ರಯೋಗದ ಉತ್ತರ ಪ್ರೋಟಾನಿನಲ್ಲಿ ಸಿಗಲೇ ಇಲ್ಲ, ಮೋಡದಲ್ಲಿ ಸಿಕ್ಕಿತು. ಅದನ್ನು 1980ರಲ್ಲಿ ಯಾರೂ ಮಾತು ಕೊಟ್ಟು ಹೇಳಲಾಗುತ್ತಿರಲಿಲ್ಲ.

ಇದು ಹಳೆಯ ಕಥೆ ಮಾತ್ರವಲ್ಲ. ಕೆಜಿಎಫ್ ಮುಚ್ಚಿದ ಮೇಲೆ ತಮಿಳುನಾಡಿನ ಥೇಣಿ ಜಿಲ್ಲೆಯ ಪೊಟ್ಟಿಪುರಂ ಬಳಿ ಬೆಟ್ಟ ಕೊರೆದು ನ್ಯೂಟ್ರಿನೊ ಪ್ರಯೋಗಾಲಯ ಕಟ್ಟುವ ಯೋಜನೆ ಬಂತು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ನೀರು, ಕಾಡು, ಬೆಟ್ಟದ ಬಗ್ಗೆ ಊರವರು ಆತಂಕಪಟ್ಟರು, ವಿರೋಧ ಬೆಳೆಯಿತು, ಕೋರ್ಟಿಗೂ ಹೋಯಿತು. ಯೋಜನೆ ಮುಂದಕ್ಕೆ ಹೋಗಲಿಲ್ಲ. ನ್ಯೂಟ್ರಿನೊಗೆ ಹೆದರಬೇಕಿಲ್ಲ, ಅದು ಈಗಲೂ ನಮ್ಮೊಳಗೆ ಹಾದುಹೋಗುತ್ತಿದೆ. ಆದರೆ ಬೆಟ್ಟ ಕೊರೆಯುವುದು, ಸ್ಫೋಟ, ಲಾರಿ, ನೀರಿನ ಬಳಕೆ, ಇವುಗಳ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಊರಿನದು. ಅದಕ್ಕೆ ಊರಿನ ಭಾಷೆಯಲ್ಲಿ ಉತ್ತರ ಕೊಡುವುದು ವಿಜ್ಞಾನದ ಕೆಲಸದಲ್ಲಿ ಮೊದಲನೆಯದಾಗಬೇಕು. ಕೆಜಿಎಫ್‌ನಲ್ಲಿ ಆ ಮಾತುಕತೆ ಬೇಕಾಗಲಿಲ್ಲ, ಯಾಕೆಂದರೆ ಬೆಟ್ಟಕ್ಕಿಂತ ಆಳವಾದ ಗುಂಡಿಯನ್ನು ಕೂಲಿಕಾರರು ಆಗಲೇ ತೋಡಿ ಇಟ್ಟಿದ್ದರು.

ಇಂದು ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳು ಉಳಿದಿವೆ. ಬೆಳಿಗ್ಗೆ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. 1965ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ಗಣಿ ಕೆಲಸಗಾರರಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಆ ಕಾಲದಲ್ಲಿ ಚಾಂಪಿಯನ್ ರೀಫ್‌ಗೆ ಇಳಿದವರು ಯಾರಾದರೂ ಇದ್ದರೆ ಅವರ ಹತ್ತಿರ ಕೂತು ಕೇಳಿ: ಆ ಯಂತ್ರಗಳನ್ನು ಕೇಜಿನಲ್ಲಿ ಇಳಿಸಿದವರು ಯಾರು, ಕೊಳವೆಗಳನ್ನು ಸುರಂಗದಲ್ಲಿ ಹೊತ್ತವರು ಯಾರು? ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹೆಸರು ಬರೆದಿಡಿ. ಕೊಳವೆಗಳ ಲೆಕ್ಕ ಊಟಿಯಲ್ಲಿ ಭದ್ರವಾಗಿದೆ. ಹೊತ್ತವರ ಲೆಕ್ಕ ಇಡಬೇಕಾದವರು ನಾವು.